ಜಿಂಕೆ ಅಂದವನು

"ಜಿಂಕೆ!"

ಡ್ರೈವರ್ ಕೂಗಿದ ರಭಸಕ್ಕೆ ಪಕ್ಕದ ಕುರ್ಚಿಯ ಲೆಕ್ಕದ ಮೇಷ್ಟ್ರು ಬೆಚ್ಚಿಬಿದ್ದು, ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡರು. ಅದು ಗ್ರಂಥಾಲಯದ ಮಹಡಿಯ ಕೋಣೆ. ಹೊರಗೆ ಶನಿವಾರದ ಸುಡು ಮಧ್ಯಾಹ್ನ, ಒಳಗೆ ದಪ್ಪ ಪರದೆ ಎಳೆದು ಮಾಡಿಕೊಂಡ ಕತ್ತಲು. ಐದು ಕಂಪ್ಯೂಟರುಗಳ ಮುಂದೆ ಐದು ಜನ ಬೂದು ಬೆಳಕಿಗೆ ಮುಖ ಕೊಟ್ಟು ಕೂತಿದ್ದರು.

"ಎಲ್ರೀ ಜಿಂಕೆ?" ಎಂದರು ಮೇಷ್ಟ್ರು.

"ಎಡಗಡೆ ನೋಡ್ರಿ. ಇದು ಬೆನ್ನು. ಇದು ಕುತ್ತಿಗೆ. ಇವೆರಡು ಕಣ್ಣು. ಇದಕ್ಕೂ ಸೂತ್ರ ಬೇಕಾ ನಿಮಗೆ?"

ಮೇಷ್ಟ್ರು ತಮ್ಮ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು, ಹಿಂದೆ ಬಂದರು. "ಹಾಗೆ ನೋಡಿದ್ರೆ... ಹೌದೌದು. ಜಿಂಕೇನೇ" ಎಂದು ಗುಂಡಿ ಒತ್ತಿದರು. ಅತ್ತ ಟೈಲರಮ್ಮ ಕತ್ತು ವಾರೆ ಮಾಡಿ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಡ್ರೈವರನ ಮುಖ ನೋಡಿ ಬಾಯಿ ಮುಚ್ಚಿಕೊಂಡು ಅವಳೂ ಒತ್ತಿದಳು. ಮೂಲೆಯಲ್ಲಿ ಪೋಸ್ಟಾಫೀಸಿನಿಂದ ಒಂದೇ ದಿನ ನಿವೃತ್ತರಾದ ಗೆಳೆಯರಿಬ್ಬರು. ಒಬ್ಬರು ತೂಕಡಿಸುತ್ತಿದ್ದವರು ಈ ಕೂಗಿಗೆ ಎದ್ದು "ಏನಂತೆ?" ಎಂದರು. "ಜಿಂಕೆಯಂತೆ" ಎಂದರು ಇನ್ನೊಬ್ಬರು. ಟಿಕ್, ಟಿಕ್.

ಐದಕ್ಕೆ ಐದು. ಡ್ರೈವರ್ ಫೋಟೋದ ಕೆಳಗಿನ ಪಟ್ಟಿಯನ್ನು ಮತ್ತೊಮ್ಮೆ ಓದಿದ. ಕ್ಯಾಮೆರಾ ಹದಿನಾಲ್ಕು. ಅದೇ ತಾರೀಖು. ಸಂಜೆ ಏಳು ಗಂಟೆ ನಲವತ್ತೆರಡು ನಿಮಿಷ. ಮೂರು ಶನಿವಾರದಿಂದ ಅವನು ಕಾಯುತ್ತಿದ್ದದ್ದು ಇದಕ್ಕೇ.

ಕಾಡಿನ ಮರಗಳಿಗೆ ಕಟ್ಟಿದ ಕ್ಯಾಮೆರಾಗಳು ಅವು. ಮುಂದೆ ಏನಾದರೂ ಅಲ್ಲಾಡಿದರೆ ತಾವಾಗಿಯೇ ಚಿತ್ರ ತೆಗೆಯುತ್ತವೆ. ಹಗಲಿನವನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಕತ್ತಲಲ್ಲಿ ತೆಗೆದವು ಹಾಗಲ್ಲ. ಒಂದು ಬೆನ್ನಿನ ತುಂಡು, ಒಂದು ಬಾಲದ ತುದಿ, ಎಷ್ಟೋ ಸಲ ಬರೀ ಎರಡು ಚುಕ್ಕೆ. ಅಂಥವು ಸಾವಿರಗಟ್ಟಲೆ. ಅದಕ್ಕೇ ಊರಿನ ಬಿಡುವಿದ್ದ ಜನರನ್ನು ಸಂಬಳವಿಲ್ಲದೆ ಕೂರಿಸಿದ್ದರು. ಒಂದೇ ಫೋಟೋ ಐವರ ಮುಂದೆಯೂ ಬರುತ್ತದೆ. ಪಕ್ಕದಲ್ಲಿ ಗುಂಡಿಗಳ ಸಾಲು: ಜಿಂಕೆ, ಹಂದಿ, ನರಿ, ಚಿರತೆ, ಮೊಲ, ಮುಳ್ಳುಹಂದಿ, ಮನುಷ್ಯ, ಏನೂ ಇಲ್ಲ. ಎಲ್ಲಕ್ಕಿಂತ ಕೆಳಗೆ, ಗೊತ್ತಾಗುತ್ತಿಲ್ಲ. ಮೂವರು ಒಂದನ್ನೇ ಒತ್ತಿದರೆ ಅದು ಖಾಯಂ. ಕೊನೆಯ ಗುಂಡಿಯನ್ನು ಡ್ರೈವರ್ ಈವರೆಗೆ ಮುಟ್ಟಿರಲಿಲ್ಲ. "ಅದು ಕೈಲಾಗದವರ ಗುಂಡಿ. ಸ್ಟೀರಿಂಗ್ ಹಿಡಿದವನು ಎದುರಿಗೆ ಬರೋದು ಲಾರಿಯೋ ಎತ್ತೋ ಗೊತ್ತಾಗ್ತಿಲ್ಲ ಅಂತ ಕೂತ್ರೆ ಐವತ್ತು ಜನ ಸ್ಮಶಾನಕ್ಕೆ" ಎಂದು ಮೊದಲ ದಿನವೇ ಸಾರಿದ್ದ.

ಡಿಪೋದಲ್ಲಿ ಅವನಿಗೆ ಹಾರ್ನ್ ಎಂದು ಹೆಸರು. ಬಸ್ಸಿನ ಹಾರ್ನು ಕೆಟ್ಟರೆ ಇವನ ಗಂಟಲು ಸಾಕು ಎಂದು ಯಾರೋ ಆಡಿದ್ದು ಹಾಗೇ ಅಂಟಿಕೊಂಡಿತ್ತು. ಕಾಡಿನೊಳಗಿನ ಆ ರಸ್ತೆಯಲ್ಲಿ ಹನ್ನೊಂದು ವರ್ಷ ಬಸ್ ಓಡಿಸಿದವನು. ಹೋದ ತಿಂಗಳು ಒಂದು ಸಂಜೆ, ಏಳೂವರೆ ದಾಟಿತ್ತು, ತುಂತುರು ಮಳೆ, ಮೋರಿಯ ತಿರುವಿನಲ್ಲಿ ಬಸ್ಸಿನ ಎಡ ಮೂಲೆಗೆ ಏನೋ ಬಡಿಯಿತು. ಧಡ್ ಎಂದು ಒಂದೇ ಸದ್ದು. ಇಳಿದು ಟಾರ್ಚು ಹಾಕಿ ಹತ್ತು ನಿಮಿಷ ಹುಡುಕಿದರು. ದೀಪದ ಗಾಜು ಒಡೆದಿತ್ತು, ತಗಡು ಒಳಕ್ಕೆ ಹೋಗಿತ್ತು. ಬೇರೇನೂ ಸಿಗಲಿಲ್ಲ. ಮೋರಿಯ ಕೆಳಗೆ ಆಳವಾದ ಕೊರಕಲು, ಕತ್ತಲು, ಪೊದೆ. "ಜಿಂಕೆ, ಹಾರಿ ಹೋಯ್ತು" ಎಂದ. ಡಿಪೋಗೆ ಬಂದು ಹಾಗೆಯೇ ಬರೆದುಕೊಟ್ಟ. ಕಂಡಕ್ಟರೂ ಬರೆದುಕೊಟ್ಟ.

ಒಂಬತ್ತನೇ ದಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳು ಡಿಪೋದ ಗೇಟಿಗೆ ಬಂದಳು. ಅವಳ ತಮ್ಮನನ್ನು ಆ ರಸ್ತೆಯ ಡ್ರೈವರುಗಳೆಲ್ಲ ಬಲ್ಲರು. ತಲೆ ಅಷ್ಟು ಸರಿಯಿಲ್ಲದವನು. ಬಿಸಿಲಿರಲಿ ಚಳಿಯಿರಲಿ ಬೂದು ಕಂಬಳಿ ಹೊದ್ದು ರಸ್ತೆಯುದ್ದಕ್ಕೂ ನಡೆಯುತ್ತಿದ್ದ. ಹೆಸರು ಯಾರಿಗೂ ಬೇಕಿರಲಿಲ್ಲ, ಕಂಬಳಿ ಎಂದರೆ ಸಾಕು. ಬಸ್ ಬಂದರೆ ಕೈ ಎತ್ತುತ್ತಿದ್ದ, ನಿಲ್ಲಿಸಿದರೆ ಹತ್ತುತ್ತಿರಲಿಲ್ಲ. ಡ್ರೈವರ್ ಅವನಿಗೆ ಎರಡು ಸಲ ಪೀಂ ಪೀಂ ಎನ್ನಿಸಿ ಮುಂದೆ ಹೋಗುತ್ತಿದ್ದ.

"ಹೀಗೇ ಹೋಗ್ತಾನಣ್ಣ, ಬರ್ತಾನೆ. ಹೋದ ಸಲ ನಲವತ್ತು ದಿನಕ್ಕೆ ಬಂದ" ಎಂದಿದ್ದಳು ಅಕ್ಕ. "ಆದ್ರೆ ಅವತ್ತೇ ಸಂಜೆ ಇಲ್ಲಿಂದ ಹೊರಟ. ಅವತ್ತೇ ನಿಮ್ಮ ಬಸ್ಸಿಗೆ ಏನೋ ಬಡೀತಂತೆ. ಅದಕ್ಕೆ ಕೇಳ್ತಿದೀನಿ. ನೀವು ಜಿಂಕೆ ಅಂದ್ರೆ ಜಿಂಕೆ. ನಾನು ಮನೆಗೆ ಹೋಗ್ತೀನಿ."

"ಜಿಂಕೆ" ಎಂದಿದ್ದ ಡ್ರೈವರ್. ಅವಳು ಮನೆಗೆ ಹೋದಳು. ಆದರೆ ಅವಳು ಬಂದು ಕೇಳಿದ್ದು ಕಾಗದವಾಗಿ ಡಿಪೋದಿಂದ ಮೇಲಿನವರಿಗೆ ಹೋಯಿತು. ವಿಚಾರಣೆ ಮುಗಿಯುವ ತನಕ ಬಸ್ ಕೊಡುವುದಿಲ್ಲ ಎಂದು ಟೈರಿನ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ರಬ್ಬರಿನ ವಾಸನೆ ಕುಡಿಯುತ್ತ, ಜಿಂಕೆಗೆ ಸಾಕ್ಷಿ ಎಲ್ಲಿ ಸಿಕ್ಕೀತು ಎಂದು ಲೆಕ್ಕ ಹಾಕುತ್ತ ಕೂತ. ಗ್ರಂಥಾಲಯದ ಗೋಡೆಯ ಮೇಲೆ ಕಾಡುಪ್ರಾಣಿ ಗುರುತಿಸುವವರು ಬೇಕು ಎಂಬ ಚೀಟಿ ಕಂಡದ್ದು ಆ ವಾರವೇ. ಯಾವ ಕ್ಯಾಮೆರಾ ಎಲ್ಲಿದೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಇವನಿಗೆ ಹೇಳಬೇಕಾಗಿರಲಿಲ್ಲ. ಮೊದಲ ಶನಿವಾರವೇ ಹದಿನಾಲ್ಕನೇ ಕ್ಯಾಮೆರಾದ ಒಂದು ಮೊಲದ ಹಿಂದೆ ಮೋರಿಯ ಕಟ್ಟೆ ಕಂಡಿತು, ಹಲ್ಲು ಬಿದ್ದ ಬಾಯಿಯ ಹಾಗೆ ನಡುವೆ ಒಂದು ಕಲ್ಲಿಲ್ಲದ ಕಟ್ಟೆ.

ಈಗ ಅದೇ ಕಟ್ಟೆಯ ಮುಂದೆ ಜಿಂಕೆ. ಐವರು ಒಪ್ಪಿದ ಜಿಂಕೆ.

ಸಂಜೆ ಕಿಟಕಿಯ ಪರದೆ ಸರಿಸುವ ಹೊತ್ತಿಗೆ ಕಾಡು ಮೇಡಂ ಬಂದಳು. ಕ್ಯಾಮೆರಾ ಕಟ್ಟುವವಳು, ಬಿಚ್ಚುವವಳು, ಚಿತ್ರ ತರುವವಳು ಎಲ್ಲ ಅವಳೇ. ಕಡ್ಡಿಯಂಥ ಹೆಣ್ಣು, ಬೂಟಿನಲ್ಲಿ ಯಾವಾಗಲೂ ಒಣಗಿದ ಕೆಸರು.

"ಮೇಡಂ, ನಂಗೆ ಈ ಫೋಟೋದ ಒಂದು ಪ್ರತಿ ಬೇಕು. ಬುಧವಾರ ವಿಚಾರಣೆ ಇದೆ" ಎಂದ ಡ್ರೈವರ್, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿ.

ಅವಳು ಫೋಟೋ ನೋಡಲಿಲ್ಲ. ಐವರು ಒತ್ತಿದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿದಳು. ಹುಬ್ಬು ಗಂಟಾಯಿತು. "ನಾಳೆ ಭಾನುವಾರ. ಐದೂ ಜನ ಬರ್ತೀರಾ? ಸ್ವಲ್ಪ ಮಾತಾಡ್ಬೇಕು" ಎಂದಳು.

ಮನೆಗೆ ಬಂದವನ ಮುಖ ನೋಡಿ ಹೆಂಡತಿ, "ಏನ್ರೀ, ಬಸ್ ಕೊಟ್ರಾ?" ಎಂದಳು.

"ಕೊಟ್ಟ ಹಾಗೇ ಲೆಕ್ಕ. ಸಿಕ್ತು ಕಣೇ ಜಿಂಕೆ! ಫೋಟೋದಲ್ಲಿ ನಿಂತಿದೆ, ಕಣ್ಣು ಎರಡು ದೀಪದ ಹಾಗೆ. ಅವತ್ತು ನಾನು ನೋಡಿದ್ದೂ ಅದೇ. ಮನುಷ್ಯರ ಕಣ್ಣು ಬೆಳಕಿಗೆ ಹಾಗೆ ಹೊಳೆಯಲ್ಲ, ಗೊತ್ತಾ? ಪ್ರಾಣಿಗಳದ್ದು ಮಾತ್ರ."

ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದಳು. "ಅವತ್ತು ನೀವು ಕಣ್ಣಿನ ಸುದ್ದಿಯೇ ಎತ್ತಲಿಲ್ವಲ್ಲ" ಎಂದಳು.

"ಏನು?"

"ಅವತ್ತು ಬಂದವರೇ ಊಟ ಬೇಡ ಅಂದ್ರಿ. ಏನೋ ಅಡ್ಡ ಬಂತು, ಬೂದು ಬಣ್ಣ ಇತ್ತು, ಅಷ್ಟೇ ಕಂಡಿದ್ದು ಅಂದ್ರಿ. ಕಣ್ಣು, ಕುತ್ತಿಗೆ ಎಲ್ಲ ನೀವು ಲೈಬ್ರರಿಗೆ ಹೋಗೋಕೆ ಶುರು ಮಾಡಿದ ಮೇಲೆ ಬಂದಿದ್ದು."

"ಬಸ್ಸಲ್ಲಿ ನೀನಿದ್ದೆಯೋ ನಾನಿದ್ದೆನೋ?"

"ನೀವೇ ಇದ್ರಿ ಮಾರಾಯ್ರೆ. ನಾನು ನೀವು ಹೇಳಿದ್ದನ್ನ ಹೇಳ್ದೆ" ಎಂದು ಅವಳು ಅಂಗಿಯ ತೋಳನ್ನು ಒಳಕ್ಕೆ ಮಡಚಿದಳು.

ಅವನು ಕೂಗಾಡಿದ, ಬಾಗಿಲು ಬಡಿದು ಹಿತ್ತಲಿಗೆ ಹೋಗಿ ನಿಂತ. ಕಣ್ಣು ಮುಚ್ಚಿ ಆ ತಿರುವನ್ನು ಮತ್ತೆ ಕಣ್ಣ ಮುಂದೆ ತಂದುಕೊಂಡ. ವೈಪರ್ ಗಾಜಿನ ಮೇಲೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಜಿಂಕೆ ನಿಂತಿತ್ತು. ಮತ್ತೆ ತಂದುಕೊಂಡ. ಈ ಸಲ ಅದಕ್ಕೆ ಕೋಡಿತ್ತು. ಮತ್ತೊಮ್ಮೆ ತಂದುಕೊಂಡಾಗ ಹೋದ ವಾರ ಒಂಬತ್ತನೇ ಕ್ಯಾಮೆರಾದಲ್ಲಿ ಕಂಡ ಹಂದಿ ಬಂದು ನಿಂತಿತು, ಕೆಸರು ಮೆತ್ತಿದ ಕಿವಿಯ ಸಮೇತ. ಅವನು ತಲೆ ಕೊಡವಿಕೊಂಡ. ಮೂರು ಶನಿವಾರದಲ್ಲಿ ನೋಡಿದ ಸಾವಿರ ಪ್ರಾಣಿಗಳೂ ಒಂದೊಂದಾಗಿ ಬಂದು ಅವನ ಬಸ್ಸಿನ ಎಡ ಮೂಲೆಗೆ ಬಡಿದು ಹೋಗುತ್ತಿದ್ದವು.

ಭಾನುವಾರ ಕಾಡು ಮೇಡಂ ಪರದೆ ಎಳೆಯಲಿಲ್ಲ. ಐವರನ್ನೂ ಬೆಳಕಿನಲ್ಲಿ ಕೂರಿಸಿ ತಾನು ನಿಂತೇ ಮಾತಾಡಿದಳು.

"ಇದೇ ಕೆಲಸ ಇನ್ನೂ ಆರು ಊರುಗಳಲ್ಲಿ ನಡೀತಿದೆ. ಎಲ್ಲಾ ಕಡೆ ಜಗಳ. ಒಬ್ಬರು ನರಿ ಅಂದ್ರೆ ಇನ್ನೊಬ್ಬರು ನಾಯಿ ಅಂತಾರೆ. ನೂರರಲ್ಲಿ ನಲವತ್ತು ಫೋಟೋಗೆ ಒಮ್ಮತ ಬರೋದೇ ಇಲ್ಲ. ನಿಮ್ಮ ಕೋಣೇಲಿ ಮಾತ್ರ ಐದಕ್ಕೆ ಐದು. ಪ್ರತಿ ಸಲ. ಮೊದಲು ಖುಷಿಪಟ್ಟೆ. ಆಮೇಲೆ, ಗುಟ್ಟಾಗಿ ಕೆಲವು ಹಗಲಿನ ಫೋಟೋಗಳನ್ನ ಕಪ್ಪು ಮಾಡಿ ನಿಮ್ಮ ಮಧ್ಯೆ ಸೇರಿಸಿದ್ದೆ. ಅದರಲ್ಲೊಂದು, ಬೇರೆ ಕ್ಯಾಮೆರಾದ್ದು, ಬರೀ ಬಂಡೆಕಲ್ಲು. ಐದೂ ಜನ ಅದನ್ನ ಜಿಂಕೆ ಅಂದಿದೀರಿ."

ಪೋಸ್ಟಿನ ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರು ಮೊದಲು ಹೇಳೋದು?" ಎಂದಳು ಮೇಡಂ.

ಮೇಷ್ಟ್ರು ಕೆಮ್ಮಿದರು. ಟೈಲರಮ್ಮ ಸೆರಗಿನ ಅಂಚಿನ ಹೊಲಿಗೆ ಪರೀಕ್ಷಿಸಿದಳು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ, ನಾಲ್ಕು ಜೊತೆ ಕಣ್ಣು ತಾವಾಗಿಯೇ ಡ್ರೈವರನ ಕಡೆ ಹೊರಳಿದವು.

"ನಾನು ಹೇಳ್ತೀನಿ, ಹೇಳಬಾರ್ದಾ? ನನ್ನ ಬಾಯಿ, ನಾನು ಹೇಳ್ದೆ! ಇವರಿಗೇನು ಕಣ್ಣಿರಲಿಲ್ವಾ?" ಎಂದು ಅವನು ಎದ್ದು ನಿಂತ. "ಮೇಷ್ಟ್ರೇ, ನೀವು ನಲವತ್ತು ವರ್ಷ ಮಕ್ಕಳ ತಪ್ಪು ಹುಡುಕಿದವರು. ಬಂಡೆ ಅಂತ ಹೇಳೋಕೆ ಏನಾಗಿತ್ತು ರೋಗ?"

"ನೀವು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ನಂಗೂ ಜಿಂಕೆಯೇ ಕಂಡ್ತು" ಎಂದರು ಮೇಷ್ಟ್ರು ನಾಚಿಕೊಂಡು. "ಸುಳ್ಳು ಒತ್ತಲಿಲ್ಲ ಸ್ವಾಮಿ. ನಿಜವಾಗ್ಲೂ ಕಂಡ್ತು. ಕಾಲು ಕೂಡ ಕಂಡ್ತು."

"ನಂಗೆ ಕಾಣಲಿಲ್ಲ" ಎಂದಳು ಟೈಲರಮ್ಮ ಮೆಲ್ಲಗೆ. "ಆದ್ರೂ ಒತ್ತಿದೆ. ಅಣ್ಣ ಬೈತಾರೆ ಅಂತ."

"ನಾನು ಯಾವಾಗ ಬೈದಿದೀನಿ?" ಎಂದು ಡ್ರೈವರ್ ಗುಡುಗಿದ. ಆ ಗುಡುಗಿಗೆ ಕೆಳಗಿನ ಓದುವ ಕೋಣೆಯಿಂದ ಯಾರೋ "ಶ್!" ಎಂದರು. ಪೋಸ್ಟಿನವರಿಬ್ಬರೂ ಒಟ್ಟಿಗೇ ನಕ್ಕುಬಿಟ್ಟರು.

ಈ ಕೋಣೆಯಲ್ಲಿ ನೋಡಿದ ಚಿತ್ರಗಳನ್ನೆಲ್ಲ ಮತ್ತೆ ನೋಡಬೇಕು, ಯಾರೂ ತುಟಿ ಬಿಚ್ಚಕೂಡದು, ಮಂಗಳವಾರ ಮಧ್ಯಾಹ್ನ ಶುರು ಎಂದಳು ಮೇಡಂ. ಡ್ರೈವರ್ ಮೆಟ್ಟಿಲಿಳಿದ. ಮನೆಗೆ ಹೋಗುವ ಬದಲು ಕಾಲು ಅವನನ್ನು ಬಸ್ ನಿಲ್ದಾಣದ ಹಿಂದಿನ ಚಹಾದಂಗಡಿಗೆ ಕರೆದೊಯ್ದಿತು. ಅವನ ಕಂಡಕ್ಟರ್ ಪಾಳಿ ಮುಗಿಸಿ ಅಲ್ಲಿ ಕೂರುವ ಹೊತ್ತು ಅದು.

"ಬಾ ಅಣ್ಣ, ಬಾ. ಹೇಗಿದೆ ನಿನ್ನ ಕಾಡು? ಹುಲಿ ಹಿಡಿದ್ಯಾ?" ಎಂದು ಕಂಡಕ್ಟರ್ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ.

"ಒಂದು ಕೇಳ್ತೀನಿ, ನೇರವಾಗಿ ಹೇಳು. ಅವತ್ತು ಮೋರಿ ಹತ್ರ ನೀನು ಏನು ನೋಡಿದೆ?"

"ಜಿಂಕೆ. ಬರ್ಕೊಟ್ಟಿದೀನಲ್ಲ."

"ಬರೆದದ್ದು ಬಿಡು. ನಿನ್ನ ಕಣ್ಣಲ್ಲಿ ಏನು ನೋಡಿದೆ?"

ಕಂಡಕ್ಟರ್ ಲೋಟವನ್ನು ಕೆಳಗಿಟ್ಟ. "ಅಣ್ಣ, ನಾನು ಹಿಂದಿನ ಸೀಟಲ್ಲಿದ್ದೆ. ಒಬ್ಬಳು ಅಜ್ಜಿ ನಿದ್ದೆ ಹೋಗಿದ್ಲು, ಎಬ್ಬಿಸ್ತಿದ್ದೆ. ಸದ್ದು ಕೇಳ್ತು. ನೀನು ಬ್ರೇಕ್ ಹಾಕ್ದೆ. ಜಿಂಕೆ ಜಿಂಕೆ ಅಂತ ಕೂಗ್ದೆ. ಬಸ್ಸಲ್ಲಿದ್ದವರೆಲ್ಲ ಅಯ್ಯೋ ಜಿಂಕೆ ಅಂದ್ರು. ನಾನೂ ಅಂದೆ."

"ನೋಡಿಲ್ಲ ನೀನು."

"ನೀನು ನೋಡಿದ್ಯಲ್ಲ ಅಣ್ಣ! ಸ್ಟೀರಿಂಗ್ ಹಿಡಿದವನು ನೀನು. ಸಾಕಲ್ಲ?" ಕಂಡಕ್ಟರ್ ಅವನ ಮುಖವನ್ನೇ ನೋಡಿದ. ದನಿ ತಗ್ಗಿತು. "ಯಾಕೆ? ನೀನು ನೋಡ್ಲಿಲ್ವಾ?"

ಚಹಾ ಬಂತು, ಕೆನೆ ಕಟ್ಟಿತು. ಡ್ರೈವರ್ ಕುಡಿಯದೆ ಎದ್ದ.

ಮಂಗಳವಾರ ಕೋಣೆಯಲ್ಲಿ ಗುಂಡಿ ಒತ್ತುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ಅವನಿಗೆ ಹೊಸದು. ಎರಡೆರಡು ನಿಮಿಷಕ್ಕೆ ನೀರು ಕುಡಿದ. ವಿಚಿತ್ರವೆಂದರೆ ಕೂಗದೆ ನೋಡುವಾಗ ಚಿತ್ರಗಳು ನಿಲ್ಲುತ್ತಿರಲಿಲ್ಲ. ಹಂದಿ ಎಂದುಕೊಂಡದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಪೊದೆಯಾಗುತ್ತಿತ್ತು. ಪೊದೆಯನ್ನು ನಂಬಿದರೆ ಅದಕ್ಕೆ ಕಿವಿ ಮೊಳೆಯುತ್ತಿತ್ತು. ಮೊದಲೆಲ್ಲ ಹೆಸರು ಬಾಯಿಗೆ ಬಂದದ್ದೇ ಚಿತ್ರ ಆ ಹೆಸರಿಗೆ ಒಗ್ಗಿ ಸುಮ್ಮನಾಗುತ್ತಿತ್ತು. ಈಗ ಹೆಸರಿಲ್ಲದೆ ಅದು ಅಲ್ಲಾಡುತ್ತಲೇ ಇತ್ತು.

ನಾಲ್ಕು ಗಂಟೆಯ ಸುಮಾರಿಗೆ ಹದಿನಾಲ್ಕನೇ ಕ್ಯಾಮೆರಾದ ಆ ಚಿತ್ರ ಬಂತು. ಏಳು ಗಂಟೆ ನಲವತ್ತೆರಡು ನಿಮಿಷ.

ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಮೋರಿಯ ಕಟ್ಟೆ ಇತ್ತು, ಬಿದ್ದ ಕಲ್ಲಿನ ಸಂದು ಇತ್ತು. ಮಳೆಹನಿಗಳು ಚಿತ್ರದ ತುಂಬ ಬಿಳಿ ಚುಕ್ಕೆಗಳಾಗಿದ್ದವು. ಶನಿವಾರ ಅವುಗಳಲ್ಲಿ ಎರಡನ್ನು ಅವನು ಕಣ್ಣು ಎಂದಿದ್ದ. ಈಗ ಎಣಿಸಿದರೆ ಅಂಥವು ಮೂವತ್ತಕ್ಕೂ ಹೆಚ್ಚು. ಎಡಗಡೆ ಬೂದು ಬಣ್ಣದ್ದೊಂದು ಇತ್ತು. ಬೆನ್ನು ಬಾಗಿಸಿದ ಹಾಗೆ ಇತ್ತು. ಅದರ ಕೆಳಗಿನದು ಕಾಲಾಗಿರಬಹುದು, ಹುಲ್ಲಾಗಿರಬಹುದು, ಜೋತುಬಿದ್ದ ಕಂಬಳಿಯ ಅಂಚೂ ಆಗಿರಬಹುದು. ಜಿಂಕೆ ಎಂದುಕೊಂಡು ನೋಡಿದ, ಜಿಂಕೆ ಕಂಡಿತು. ಕಂಬಳಿ ಎಂದುಕೊಂಡು ನೋಡಿದ. ಕಂಬಳಿ ಕಂಡಿತು. ಏನೂ ಅಂದುಕೊಳ್ಳದೆ ನೋಡಲು ಯತ್ನಿಸಿದ. ಆಗ ಬರೀ ಕತ್ತಲು, ಅದರಲ್ಲೊಂದು ಕಡಿಮೆ ಕತ್ತಲು.

ಪಕ್ಕದಲ್ಲಿ ಮೇಷ್ಟ್ರೂ ಅದೇ ಚಿತ್ರದ ಮುಂದಿದ್ದರು. ಅತ್ತ ಟೈಲರಮ್ಮ ಬೆರಳನ್ನು ಪರದೆಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದಳು, ಬಟ್ಟೆಯ ನೆರಿಗೆ ನೋಡುವ ಹಾಗೆ. 'ಏನು ಕಾಣ್ತಿದೆ, ಅಕ್ಕ?' ಎಂದು ಕೇಳಬೇಕೆನಿಸಿ ನಾಲಿಗೆ ಹಲ್ಲಿನ ತನಕ ಬಂತು. ಕಚ್ಚಿ ಹಿಡಿದ. ಕೊನೆಯ ಗುಂಡಿ ಒತ್ತಿದ. ಅದು ಉಳಿದ ಗುಂಡಿಗಳ ಹಾಗೆಯೇ ಟಿಕ್ ಎಂದಿತು.

ಸಂಜೆ ಕಾಡು ಮೇಡಂ ಅವನನ್ನು ಮೆಟ್ಟಿಲ ಬಳಿಗೆ ಕರೆದಳು. "ನಿಮ್ಮ ಫೋಟೋ. ಐದು ಜನ, ಐದು ಉತ್ತರ. ಜಿಂಕೆ ಒಂದು, ಹಂದಿ ಒಂದು, ಏನೂ ಇಲ್ಲ ಒಂದು, ಮನುಷ್ಯ ಒಂದು, ಗೊತ್ತಾಗುತ್ತಿಲ್ಲ ಒಂದು. ಯಾರು ಏನು ಅಂತ ನಾನು ಹೇಳಲ್ಲ."

"ನೀವು ಹೇಳಿ ಮೇಡಂ. ನೀವು ಓದಿದವರು."

"ನಾನು ಮೂರು ತಾಸು ನೋಡಿದೆ. ಬೆಳಕು ಹೆಚ್ಚು ಮಾಡಿ ನೋಡ್ದೆ, ಕಡಿಮೆ ಮಾಡಿ ನೋಡ್ದೆ." ಅವಳು ಒಂದು ಲಕೋಟೆಯನ್ನು ಅವನ ಕೈಗಿಟ್ಟಳು. "ನಂಗೂ ಗೊತ್ತಾಗ್ತಿಲ್ಲ. ಆದ್ರೆ ಪ್ರತಿ ತಗೊಳ್ಳಿ. ನಾಳೆ ಬೇಕಲ್ವಾ?"

ಬುಧವಾರ ಬೆಳಿಗ್ಗೆ ಡಿಪೋದ ಮೇಲಿನ ಕೋಣೆಯಲ್ಲಿ ವಿಚಾರಣೆ. ಹೊರಗಿನ ಬೆಂಚಿನ ಮೇಲೆ ಆ ಅಕ್ಕ ಕೂತಿದ್ದಳು. ಸಾಬೂನಿನಲ್ಲಿ ನೆನೆದು ನೆನೆದು ಬೆಳ್ಳಗಾದ ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡಿದ್ದಳು. ಇವನನ್ನು ಕಂಡು ಅರ್ಧ ಎದ್ದಳು.

"ಬಂದ್ನಾ ನಿಮ್ಮ ತಮ್ಮ?" ಎಂದು ಕೇಳಿದ.

"ಇಲ್ಲಣ್ಣ. ಇವತ್ತಿಗೆ ಮೂವತ್ತೇಳು. ಇನ್ನೂ ಮೂರು ದಿನ ಇದೆ" ಎಂದಳು, ನಲವತ್ತಕ್ಕೆ ಯಾರೋ ಮಾತು ಕೊಟ್ಟಿರುವ ಹಾಗೆ.

ಒಳಗೆ ವಿಚಾರಣೆಯ ಸಾಹೇಬರು ಆಗಲೇ ಫೈಲಿನ ದಾರ ಬಿಚ್ಚಿಟ್ಟಿದ್ದರು. ಒಳ್ಳೆಯ ಮನುಷ್ಯ, ಬೇಗ ಮುಗಿಸುವ ಆತುರ. "ಬಾರಪ್ಪಾ ಹಾರ್ನು. ನಿನ್ನ ಹೇಳಿಕೆ ಇದೆ, ಕಂಡಕ್ಟರ್ ಹೇಳಿಕೆ ಇದೆ, ಪ್ರಯಾಣಿಕರು ನಾಲ್ಕು ಜನರದ್ದಿದೆ. ಎಲ್ಲ ಜಿಂಕೆ. ಏನು ತಂದಿದೀಯ, ಫೋಟೋನಾ? ಭೇಷ್!" ಲಕೋಟೆಯಿಂದ ಚಿತ್ರ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. "ಕಾಣ್ತಿದೆಯಲ್ಲಯ್ಯ, ಜಿಂಕೇನೇ. ಇಲ್ಲಿ ಕುತ್ತಿಗೆ, ಇಲ್ಲಿ ಬೆನ್ನು. ಸಹಿ ಹಾಕು, ಸೋಮವಾರದಿಂದ ಬಸ್ ತಗೋ."

ಡ್ರೈವರ್ ಪೆನ್ನು ತೆಗೆದುಕೊಳ್ಳಲಿಲ್ಲ. "ಸಾರ್, ನಿಮಗೆ ಅದು ಜಿಂಕೆ ಥರ ಕಾಣ್ತಿರೋದು ನಾನು ಮೊದಲೇ ಜಿಂಕೆ ಅಂತ ಬರ್ಕೊಟ್ಟಿದ್ದಕ್ಕೆ."

"ಏನು ಹಾಗಂದ್ರೆ?"

"ಎಲ್ಲರಿಗೂ ನಾನೇ ಹೇಳಿದ್ದು ಸಾರ್. ಕಂಡಕ್ಟರ್ ನೋಡಿಲ್ಲ. ಪ್ಯಾಸೆಂಜರ್ ನೋಡಿಲ್ಲ. ಕತ್ತಲಿತ್ತು, ಮಳೆ ಇತ್ತು. ನಾನು ಬಾಯಿ ದೊಡ್ಡದು ಮಾಡಿ ಕೂಗ್ದೆ, ಎಲ್ಲರೂ ಹೌದು ಅಂದ್ರು. ಎಲ್ಲರೂ ಹೌದು ಅಂದಿದ್ದಕ್ಕೆ ನಂಗೂ ನಾನು ನೋಡಿದೀನಿ ಅಂತಲೇ ಅನ್ನಿಸ್ತು."

ಸಾಹೇಬರು ಕನ್ನಡಕ ತೆಗೆದರು. "ಹಾಗಾದ್ರೆ ನೀನು ನೋಡಿದ್ದೇನು?"

"ಗೊತ್ತಿಲ್ಲ."

"ಸರಿಯಾಗಿ ಕೇಳಿಸ್ಕೋ. ಜಿಂಕೆ ಅಂದ್ರೆ ಈ ಫೈಲು ಈಗಲೇ ಮುಚ್ತೀನಿ. ಗೊತ್ತಿಲ್ಲ ಅಂದ್ರೆ ಪೊಲೀಸ್ರಿಗೆ ಬರೀಬೇಕು. ಆ ಕೊರಕಲಲ್ಲಿ ಜನ ಇಳಿಸಿ ಹುಡುಕಿಸ್ಬೇಕು. ಎಷ್ಟು ದಿನವೋ, ಅಲ್ಲಿಯ ತನಕ ನಿನ್ನ ಲೈಸೆನ್ಸ್ ನನ್ನ ಮೇಜಿನ ಒಳಗೆ. ಏನಾದ್ರೂ ಸಿಕ್ತು ಅಂದ್ರೆ ನೀನು ಜೀವನದಲ್ಲಿ ಬಸ್ ಮುಟ್ಟಲ್ಲ. ಜೈಲೂ ಇರ್ಬಹುದು. ಹೆಂಡತಿ ಮಕ್ಕಳಿದಾರೆ ತಾನೆ? ಯೋಚ್ನೆ ಮಾಡು."

ಸಾಹೇಬರ ಮಾತಿನಲ್ಲಿ ಹಗೆ ಇರಲಿಲ್ಲ. ಅದೇ ಕಷ್ಟವಾಗಿತ್ತು. ಹಗೆಯಿದ್ದಿದ್ದರೆ ಎದುರು ಕೂಗಬಹುದಿತ್ತು. ಡ್ರೈವರ್ ಮೇಜಿನ ಮೇಲಿನ ಚಿತ್ರ ನೋಡಿದ. ತಲೆಕೆಳಗಾಗಿ ಬಿದ್ದಿದ್ದ ಅದರಲ್ಲಿ ಈಗ ಏನೂ ಕಾಣುತ್ತಿರಲಿಲ್ಲ. ಜೇಬಿನಿಂದ ಲೈಸೆನ್ಸು ತೆಗೆದು, ಅದಕ್ಕೆ ಅಂಟಿದ ನೂಲನ್ನು ಬೆರಳಿನಿಂದ ಕಿತ್ತು, ಚಿತ್ರದ ಪಕ್ಕದಲ್ಲಿಟ್ಟ.

"ಗೊತ್ತಿಲ್ಲ ಅಂತಲೇ ಬರ್ಕೊಳ್ಳಿ ಸಾರ್."

ಹೊರಗೆ ಬಂದು ಆ ಅಕ್ಕನ ಮುಂದೆ ನಿಂತ. ಕ್ಷಮೆ ಕೇಳೋಣವೆಂದರೆ ಯಾವುದಕ್ಕೆ ಎಂದು ಅವನಿಗೇ ತಿಳಿಯದು. "ನಾನು ಜಿಂಕೆ ಅಂದಿದ್ದೆ. ಬಡಿದದ್ದು ಏನಂತ ಗೊತ್ತಿಲ್ಲದೇ ಅಂದಿದ್ದು" ಎಂದ. ಬೈಯುತ್ತಾಳೆಂದು ಕಾದ. "ಹಾಗಾದ್ರೆ ಹುಡುಕ್ತಾರಾ?" ಎಂದಷ್ಟೇ ಕೇಳಿದಳು.

ಶನಿವಾರ ಹುಡುಕಿದರು. ನಲವತ್ತನೇ ದಿನ ಅದು. ಪೊಲೀಸರು ನಾಲ್ಕು ಜನ, ಹಗ್ಗ ಹಿಡಿದ ಕೂಲಿಯವರು ಮೂವರು. ಜಾಗ ತೋರಿಸಲು ಇವನು. ಬೇಡವೆಂದರೂ ಕೇಳದೆ ಬಂದ ಅಕ್ಕ. ಕೊರಕಲು ಹಗಲಿನಲ್ಲಿ ಅವನು ತಿಳಿದಷ್ಟು ಆಳವಿರಲಿಲ್ಲ. ಪೊದೆ ಮಾತ್ರ ದಟ್ಟ. ಪೊಲೀಸರು ಕೆಳಗೆ ನೀರಿನ ಜಾಡು ಹಿಡಿದು ಹೋದರು. ಡ್ರೈವರ್ ಮೋರಿಯ ಬಾಯಿಯ ಪಕ್ಕದ ಇಳಿಜಾರಿನಲ್ಲಿ ಉಳಿದ. ಅಲ್ಲಿ ನಿಂತು ನಡೆಯಲು ಆಗುತ್ತಿರಲಿಲ್ಲ. ಕೈ ಮೊಣಕಾಲು ಊರಿ, ಬೆನ್ನು ಬಾಗಿಸಿ, ಮುಳ್ಳಿನ ಅಡಿಯಲ್ಲಿ ತೆವಳಿದ. ಎದುರಿನ ಮರದ ಬುಡಕ್ಕೆ ಪಟ್ಟಿಯಿಂದ ಬಿಗಿದ ಹಸಿರು ಡಬ್ಬಿ ಕಂಡಿತು, ಸಾಸಿವೆ ಗಾತ್ರದ ಕೆಂಪು ದೀಪ ಒಮ್ಮೆ ಹತ್ತಿ ಆರಿತು. ಹದಿನಾಲ್ಕು. ಅವನು ನಾಲ್ಕು ಕಾಲಿನ ಮೇಲೆ ನಿಂತು ಅದರ ಗಾಜನ್ನೇ ನೋಡಿದ.

ಡಬ್ಬಿಯಿಂದ ಐದಾರು ಮಾರು ಆಚೆ, ಪೊದೆಯ ಒಳಗೆ, ಬಿದ್ದ ಎಲೆಗಳ ಕೆಳಗೆ ಬೂದು ಬಣ್ಣದ್ದೇನೋ ಇತ್ತು. ಕೊಂಬೆಯ ತುದಿಯಿಂದ ಎಲೆ ಸರಿಸಿದ. ಅರ್ಧ ಮಣ್ಣಿನಲ್ಲಿ ಹೂತಿತ್ತು. ಮಳೆಗೆ ನೆಂದು, ಬಿಸಿಲಿಗೆ ಒಣಗಿ, ರೋಮ ಎದ್ದು ಬಿರುಸಾಗಿತ್ತು. ಮೇಲೆ ರಸ್ತೆಯಲ್ಲಿ ಒಂದು ಬಸ್ ತಿರುವಿನಲ್ಲಿ ಗೇರು ಬದಲಿಸಿಕೊಂಡು ಹೋಯಿತು. ಹಾರ್ನ್ ಮಾಡಲಿಲ್ಲ.

"ಅಣ್ಣ," ಹಿಂದಿನಿಂದ ಅಕ್ಕನ ದನಿ. ಅವಳೂ ಮುಳ್ಳಿನ ಕೆಳಗೆ ಬಗ್ಗಿ ಬರುತ್ತಿದ್ದಳು. "ಅಲ್ಲೇನಾದ್ರೂ ಇದೆಯಾ? ಏನದು?"

ಮಾತು ಗಂಟಲಿಗೆ ಬಂತು. ಒಂದು ಹೆಸರು, ಅದರ ಹಿಂದೆಯೇ ಇನ್ನೊಂದು ಹೆಸರು. ಅವನು ಎರಡನ್ನೂ ನುಂಗಿಕೊಂಡ.

"ನಾನು ಹೇಳಲ್ಲಕ್ಕ" ಎಂದ, ಅವಳಿಗಷ್ಟೇ ಕೇಳಿಸುವಷ್ಟು ಸಣ್ಣ ದನಿಯಲ್ಲಿ. "ನೀವೇ ಬಂದು ನೋಡಿ."

ಮುಳ್ಳಿನ ಕೊಂಬೆಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ ಹಿಡಿದು ಪಕ್ಕಕ್ಕೆ ಸರಿದ. ಅವಳು ತಲೆ ತಗ್ಗಿಸಿ ಅದರ ಕೆಳಗಿನಿಂದ ಮುಂದೆ ಬಂದಳು. ಮರದ ಬುಡದಲ್ಲಿ ಕೆಂಪು ದೀಪ ಮತ್ತೊಮ್ಮೆ ಹತ್ತಿತು.